ಎಂ.ಎ. ಓದೋ ಹುಡುಗಿಯೂ ನನ್ನ ಬಾಯಿಯೂ

ವಠಾರ ಇಟ್ಕೊಂಡೋರ ಬಾಯಿಗೆ ರಜಾ ಇರಲ್ಲ. ಐದು ಮನೆ, ಒಂದು ನಲ್ಲಿ. ದಿನಾ ಏನಾದ್ರೂ ಆಗುತ್ತೆ. ಆಗದಿದ್ರೆ ಆಗೋ ಹಂಗೆ ನಾನು ಮಾಡ್ತಿದ್ದೆ. ಎಂಬತ್ತರ ಆಚೀಚೆ ಯಶವಂತಪುರದ ನಮ್ಮ ವಠಾರದಲ್ಲಿ ಇದ್ದೋರೆಲ್ಲ ಧಾರವಾಡ, ಬಿಜಾಪುರದ ಕಡೆಯೋರು, ಜಾಲಹಳ್ಳಿ ಫ್ಯಾಕ್ಟರಿಗಳಿಗೆ ಹೋಗೋರು. ಕೊನೇ ರೂಮಿಗೆ ಎಂ.ಎ. ಓದೋ ಹುಡುಗಿ ಬಂದಳು, ಧಾರವಾಡದವಳೇ. ಜನ ಊರು ಯಾಕೆ ಬಿಡ್ತಾರೆ, ಬಂದ ಕಡೆ ಏನು ಉಳಿಸ್ಕೋತಾರೆ ಅನ್ನೋದೇ ಅವಳ ಓದು. ಮನೆಮನೆಗೆ ಹೋಗಿ ಫಾರಂ ತುಂಬಿ, ಪುಸ್ತಕ ಮಾಡಿ ಕೊಟ್ರೆ ಪಾಸು.

"ಇದುಕ್ಕೂ ಕಾಲೇಜು ಬೇಕೇನೇ? ನನ್ನ ಕೇಳು, ಒಂದೇ ಮಧ್ಯಾಹ್ನದಲ್ಲಿ ಎಲ್ರುದ್ದೂ ಯೋಳ್ತೀನಿ" ಅಂದು ಹಿಂದೇನೇ ಹೊರಟೆ.

೧. ಒಂದು ಗೆರೆ ಜಾಗ

ಮೊದಲ ಮನೆ ಗುಮಾಸ್ತರದ್ದು. "ಊರು ಯಾಕ ಬಿಟ್ರಿ?" ಅಂತ ಕೇಳಿದಳು.

ಗುಮಾಸ್ತ ಕಾಲರ್ ಸರಿ ಮಾಡ್ಕೊಂಡು, "ನೌಕರಿ ಸಲುವಾಗಿ" ಅಂದ.

ಒಳಗೆ ರೊಟ್ಟಿ ತಟ್ತಿದ್ದ ಹೆಂಡತಿ, "ಸುಳ್ಳ ಬರೀಬ್ಯಾಡವಾ! ಇವರವ್ವಗ ನಾನು ಸೇರಲಿಲ್ಲ" ಅಂತ ಕೂಗಿದಳು.

ನಂಗೆ ತಡೆಯಕ್ಕಾಗಲಿಲ್ಲ. "ಇಬ್ರುದ್ದೂ ಸುಳ್ಳು. ಇವ್ರ ತಮ್ಮ ನಾಟ್ಕದೋಳ ಜೊತೆ ಓಡೋದ. ಮುಖ ತೋರ್ಸಕ್ಕಾಗ್ದೆ ಬಂದವ್ರೆ, ಬರ್ಕೋ."

ರೊಟ್ಟಿ ತಟ್ಟೋ ಸದ್ದು ನಿಂತುಹೋಯ್ತು. ಹುಡುಗಿ ಪೆನ್ನು ಕಚ್ಚಿದಳು. "ಅಮ್ಮಾರ, ಫಾರಂನಾಗ ಒಂದ ಗೆರಿ ಜಾಗ ಅದ."

ಆ ಮನೆಯೋರು ನನ್ನ ಹತ್ರ ಮಾತು ಬಿಟ್ರು. ಹುಡುಗಿ ನನ್ನ ಕರ್ಕೊಂಡು ಹೋಗೋದು ಬಿಟ್ಟಳು. ಆದ್ರೂ ಆ ಒಂದು ಗೆರೆಯಲ್ಲಿ ಬರೆದಿದ್ದು ನಂದೇ!

೨. ಬಂದೋರು

ಆಮೇಲೆ ನನ್ನ ಮುಂದೇನೇ ಫಾರಂ ಹಿಡ್ಕೊಂಡು ಕೂತಳು.

"ನಂಗ್ಯಾಕೆ? ನಾವು ಇಲ್ಲಿಯೋರು, ಇದು ನಮ್ಮ ಊರು" ಅಂದೆ.

"ತವರು ಯಾವುದ್ರಿ?"

"ಕೊಡಿಗೇಹಳ್ಳಿ. ಮದ್ವೆ ಆಗಿ ಎತ್ತಿನ ಗಾಡೀಲಿ ಬಂದೆ."

"ಹಂಗಾದ್ರ ನೀವೂ ಬಂದವರ" ಅಂತ ಬರ್ಕೊಂಡೇ ಬಿಟ್ಟಳು.

"ಬಂದೋರು ಅಂದ್ರೆ ಬಾಡಿಗೆಯೋರು ಕಣೇ!" ಅಂದ್ರೂ ಅಳಿಸಲಿಲ್ಲ. ಹೊಸ ಬಾಡಿಗೆಯೋರು ಯಾರು ಬಂದ್ರೂ "ನಿಮ್ಮೂರಲ್ಲಿ ನಲ್ಲಿ ಐತಾ?" ಅಂತ ಆಡ್ಕೊಳ್ಳೋದು ನನ್ನ ಅಭ್ಯಾಸ. ಮಾರನೇ ದಿನ, ಒಂದು ತಿಂಗಳಿಂದ ಮಾತು ಬಿಟ್ಟಿದ್ದ ಗುಮಾಸ್ತನ ಹೆಂಡತಿ ಕೊಡ ಇಳಿಸಿ ಮೆಲ್ಲಗೆ ಕೇಳಿದಳು: "ಅಮ್ಮಾರ, ನಿಮ್ಮೂರಾಗ ನಳ ಅದಾವೇನ್ರಿ?"

೩. ಆಣೆ

ಆ ಉರಿ ನನ್ನ ಹೊಟ್ಟೇಲಿತ್ತು. ಎದುರು ಮನೆಯಲ್ಲಿ ಬಿಜಾಪುರದ ಫಿಟ್ಟರ್, ಮದುವೆ ಇಲ್ಲದೋನು. ಹುಡುಗಿ ಅಲ್ಲಿಗೆ ಮೂರನೇ ಭಾನುವಾರ ಹೋದಾಗ ನಾನು ನಲ್ಲಿ ಹತ್ರ ಇಷ್ಟೇ ಅಂದಿದ್ದು: "ಒಂದು ಫಾರಮ್ಮಿಗೆ ಮೂರು ಭಾನ್ವಾರ ಬೇಕೇನ್ರೇ?"

ನೀರು ಯಶವಂತಪುರದಲ್ಲೇ ನಿಲ್ತಿತ್ತು, ಮಾತು ಧಾರವಾಡದವರೆಗೂ ಹರೀತು.

ನಾಲ್ಕನೇ ಭಾನುವಾರ ಕಿಟಕೀಲಿ ಇಣುಕಿದೆ. ಬಾಗಿಲು ಹಾರು ಹೊಡೆದಿತ್ತು. ಹುಡುಗಿ ಹೊಸ್ತಿಲ ಮೇಲೆ ಕೂತು ಬರೀತಿದ್ಲು. ಅವನು ಊರಿಂದ ತಾಯಿ ಬರೆದ ಕಾಗದ ಒಂದೊಂದೇ ಓದ್ತಾ ಕಣ್ಣು ಒರೆಸ್ಕೊತಿದ್ದ. ಅಷ್ಟೇ. ಛೇ ಅನ್ನಿಸ್ತು, ನಾಚಿಕೆಯೂ ಆಯ್ತು.

ಅವತ್ತು ಸಾಯಂಕಾಲ ಹುಡುಗಿ ಬಂದು ಕೈ ಮುಗಿದಳು. "ಅಮ್ಮಾರ, ಅಪ್ಪ ಬರಾಕತ್ತಾರ. ಎರಡು ವಾರದಾಗ ಪುಸ್ತಕ ಕೊಡದಿದ್ರ ನನ್ನ ಓದೆಲ್ಲಾ ಹಾಳು. ಏನ ಕೇಳಿದ್ರೂ ನೀವು ಮಾತ್ರ ಬಾಯಿ ತೆರೀಬ್ಯಾಡ್ರಿ."

ಮುತ್ಯಾಲಮ್ಮನ ಮೇಲೆ ಆಣೆ ಇಟ್ಟೆ.

ಅಪ್ಪ ಬಂದು ಜಗಲಿ ಮೇಲೆ ಕೂತರು. "ನನ್ನ ಮಗಳ ಬಗ್ಗೆ ಏನೇನೋ ಕೇಳೀನಿ. ನೀವ ಹೇಳ್ರಿ, ಏನರ ಅದ ಏನು?"

ಕಾಗದ, ಹೊಸ್ತಿಲು, ತೆಗೆದ ಬಾಗಿಲು, ಎಲ್ಲಾ ನಾಲಿಗೆ ತುದಿಗೆ ಬಂತು. ಆಣೆ ನೆನಪಾಗಿ ಸೆರಗು ಬಾಯಿಗೆ ತುರುಕ್ಕೊಂಡೆ.

ಅವರು ಕಾದು ಕಾದು ಗುಮಾಸ್ತನ ಕಡೆ ತಿರುಗಿದರು. "ಈ ಅಮ್ಮಾರು ಯಾವಾಗ್ಲೂ ಹಿಂಗ ಸುಮ್ಮನಿರ್ತಾರೇನು?"

"ಇಲ್ರಿ. ನಾಲ್ಕು ವರ್ಷದಾಗ ಇವತ್ತ ಮೊದಲು."

ಅಪ್ಪ ಎದ್ದು ನಿಂತರು. "ಹಂಗಾದ್ರ ಇವರೂ ಹೇಳಲಾರದಂಥಾದ್ದು ಏನೋ ಆಗೇದ."

ಅರ್ಧ ಗಂಟೇಲಿ ಹುಡುಗೀನೂ ಟ್ರಂಕೂ ಆಟೋದಲ್ಲಿ. "ಬಾಗ್ಲು ತೆಗ್ದೇ ಇತ್ತು ಕಣ್ರೀ! ನಾನೇ ಇಣುಕಿ ನೋಡಿವ್ನಿ!" ಅಂತ ಆಣೆ ಮುರಿದು ಕೂಗ್ತಾ ಸ್ಟೇಷನ್ ರಸ್ತೆವರೆಗೂ ಓಡಿದೆ. ಆಟೋ ಸದ್ದಲ್ಲಿ ಯಾರಿಗೆ ಕೇಳುತ್ತೆ? ಹುಡುಗಿ ಒಂದು ಸಲ ತಿರುಗಿ ನೋಡಿದಳು, ಅಷ್ಟೇ.

ಪುಸ್ತಕ ಆಗಲಿಲ್ಲ. ಅವಳು ಬಿಟ್ಟುಹೋದ ಫಾರಮ್ಮಿನ ಕಟ್ಟು ನಮ್ಮ ಅಟ್ಟದ ಮೇಲೇ ಇದೆ.

ಆವತ್ತಿಂದ ನಾನು ಬಾಯಿ ಮುಚ್ಚಿಲ್ಲ.