ಮೆಣಸು ಬಿಟ್ಟ ರೈಲುಕಂಬಗಳು

ಮೂರ್ನಾಡಿನ ಸಮೀಪದ ಗಿರಿವೈಭವ ಥೀಮ್ ಪಾರ್ಕಿಗೆ ಬರುವ ಪ್ರವಾಸಿಗರು ವಾಹನ ನಿಲುಗಡೆಯಿಂದ ಗೇಟಿನವರೆಗೆ ನಡೆದೇ ಹೋಗುತ್ತಿದ್ದುದು ಆಡಳಿತ ಮಂಡಳಿಯ ಗಮನಕ್ಕೆ ಬಂದಿತು. ನಡೆಯುವವರಿಗೆ ಬೆಟ್ಟ, ಕಾಡು, ಮಂಜು ಎಲ್ಲವೂ ಪುಕ್ಕಟೆ ಕಾಣುತ್ತಿದ್ದವು. ಟಿಕೆಟ್ ಕೊಳ್ಳುವ ಮೊದಲೇ ಕೊಡಗು ಕಂಡುಬಿಟ್ಟರೆ ಸಂಸ್ಥೆಗೆ ನಷ್ಟವೆಂದು ಮನಗಂಡು, ಕಂಬಗಳ ಮೇಲೆ ಓಡುವ ರೈಲೊಂದನ್ನು ಮಂಜೂರು ಮಾಡಲಾಯಿತು. ಕಿಟಕಿಗಳಿಗೆ ದಪ್ಪ ಪರದೆ ಹಾಕತಕ್ಕದ್ದು ಎಂಬ ಷರತ್ತೂ ಇತ್ತು.

ಕಂಬ ನಿಲ್ಲಿಸಲು ಸಮತಟ್ಟಾದ ಜಾಗ ಬೇಕು. ಸಿಕ್ಕಿದ್ದು ಒಂದೇ, ಯಮುನ ಟೀಚರ್ ಮನೆಯಿಂದ ಅಂಗನವಾಡಿಗೆ ಹೋಗುವ ರಸ್ತೆ. ಅದನ್ನು ಅಗೆದರು. ಕಂಬಗಳ ನಡುವೆ ಉಳಿದ ಹೊಂಡದಲ್ಲಿ ನೀರು ನಿಂತಿತು. ಮಕ್ಕಳ ಮೊಟ್ಟೆಯ ಟ್ರೇ ಹಿಡಿದು ಹೊಂಡದ ಅಂಚಿನಲ್ಲಿ ಹೋಗುತ್ತಿದ್ದ ಯಮುನ ಜಾರಿ ಬಿದ್ದು, ಅಂದು ಮಕ್ಕಳು ಬರೀ ಅನ್ನ ಸಾರು ಉಂಡರು. ಮೊಟ್ಟೆ ಒಡೆದದ್ದೇಕೆ ಎಂದು ಮೇಲಿನವರು ವಿವರಣೆ ಕೇಳಿದರು. ಹೊಂಡವೇಕೆ ಎಂದು ಯಾರೂ ಕೇಳಲಿಲ್ಲ. ಅನ್ಯಾಯವೇ, ಆದರೆ ನಿಯಮದ ಪ್ರಕಾರ ನಡೆದ ಅನ್ಯಾಯ.

ಯಮುನ ಪಾರ್ಕಿನ ಎಂಜಿನಿಯರ್ ಪ್ರಜ್ಞೇಶ್ ಬಳಿ ಹೋದರು.

"ಸಾರ್, ನಮ್ಮ ದಾರಿ ಯಾವಾಗ ವಾಪಸ್ ಕೊಡ್ತೀರಿ?"

"ರೈಲು ಓಡಿದ ಮೇಲೆ ದಾರಿ ಯಾಕೆ ಟೀಚರೇ? ನಿಮ್ಗೂ ಒಂದು ಸ್ಟಾಪ್ ಉಂಟಲ್ಲ."

"ಅಲ್ಲಿವರೆಗೆ?"

"ಅಲ್ಲಿವರೆಗೆ ದಾರಿ ಕೊಟ್ರೆ ಜನಕ್ಕೆ ಅಭ್ಯಾಸ ಆಗಿಬಿಡ್ತದೆ."

ಮೊದಲ ಮಳೆಗಾಲಕ್ಕೆ ಮಣ್ಣು ಕುಸಿದು ಕಂಬಗಳು ವಾಲಿದವು. ಅವಕ್ಕೆ ಆಸರೆಗೆಂದು ಬೇರೆ ಕಂಬಗಳನ್ನು ಕೊಟ್ಟರು. ಮರುವರ್ಷ ಆಸರೆಗಳೂ ವಾಲಿದ್ದರಿಂದ ಅವಕ್ಕೂ ಆಸರೆ ಬೇಕಾಯಿತು. ಇದನ್ನು ಎಂಜಿನಿಯರಿಂಗ್ ಸವಾಲು ಎಂದು ಕರೆದು ಅಂದಾಜು ವೆಚ್ಚವನ್ನು ಏರಿಸಲಾಯಿತು.

ಪಕ್ಕದ ಎಸ್ಟೇಟಿನ ಉತ್ತಯ್ಯನವರು ಇದನ್ನೆಲ್ಲ ಬೇಲಿಯಾಚೆಯಿಂದ ನೋಡುತ್ತಿದ್ದರು. ನಮ್ಮ ಕಡೆ ನೆಟ್ಟಗೆ ನಿಂತದ್ದು ಯಾವುದಾದರೂ ಕಣ್ಣಿಗೆ ಬಿದ್ದರೆ ಬುಡಕ್ಕೊಂದು ಕರಿಮೆಣಸಿನ ಬಳ್ಳಿ ಊರದೆ ಬಿಡುವವರಿಲ್ಲ. ಉತ್ತಯ್ಯನವರ ಎದುರು ತುಂಬಾ ಹೊತ್ತು ನಿಂತು ಮಾತಾಡುವವರು ಆಗಾಗ ಕಾಲು ಬದಲಿಸುವುದು ಕ್ಷೇಮ. ಅವರು ಆಳು ಸುಬ್ಬನನ್ನು ಕರೆದು ಪ್ರತಿ ಕಂಬಕ್ಕೂ ಬಳ್ಳಿ ಹಬ್ಬಿಸಿದರು. ದುರಾಸೆಯಿಂದಲ್ಲ, ಕಂಬ ಬೋಳಾಗಿ ನಿಂತದ್ದು ನೋಡಲಾಗದೆ. ಅಲ್ಲಿಂದ ಬಳ್ಳಿಯೂ ವೆಚ್ಚವೂ ಜೊತೆಜೊತೆಗೇ ಮೇಲೇರಿದವು.

ಕೊನೆಗೆ ರೈಲು ಬಂತು. ಪೂಜೆಯಾಗಿ ಹೊರಟು ಹೊಂಡದ ನೇರಕ್ಕೆ ಬಂದದ್ದೇ, ಗಾಲಿಗೆ ಬಳ್ಳಿ ಸುತ್ತಿಕೊಂಡು ರೈಲು ನಿಂತಿತು. ಕಡಿಯಲು ಪ್ರಜ್ಞೇಶ್ ಸುಬ್ಬನನ್ನೇ ಹತ್ತಿಸಿದರು. ಸುಬ್ಬ ಬಳ್ಳಿ ನೋಡಿದ, ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿ ಇಳಿದ.

"ಕಾಯಿ ಕಚ್ಚಿದೆ ಸಾರ್."

"ಕಾಯಿ ಕಚ್ಚಿದ ಬಳ್ಳಿಯನ್ನ ಕಡಿಯೋದಾ? ನಿಮ್ಮ ಮನೇಲಿ ತೋಟ ಇಲ್ವಾ ಪ್ರಜ್ಞೇಶ್?" ಎಂದರು ಉತ್ತಯ್ಯ.

ಪ್ರಜ್ಞೇಶರ ಮನೆಯಲ್ಲಿ ತೋಟವಿತ್ತು. ಅವರು ನಾಚಿ ತಲೆ ತಗ್ಗಿಸಿದರು. ಉದ್ಘಾಟನೆಗೆ ಬಂದಿದ್ದ ಗಣ್ಯರೆಲ್ಲ ತೋಟದವರೇ. ಕೊಯ್ಲಿನವರೆಗೆ ರೈಲು ನಿಲ್ಲಲಿ ಎಂದು ಒಮ್ಮತದಿಂದ ತೀರ್ಮಾನವಾಯಿತು. ಕೊಯ್ಲು ಮುಗಿಯುವಷ್ಟರಲ್ಲಿ ಎಂಜಿನ್ ತುಕ್ಕು ಹಿಡಿದಿತ್ತು, ಬಳ್ಳಿ ಮಾತ್ರ ಚೆನ್ನಾಗಿತ್ತು.

ಬಳ್ಳಿ ಮತ್ತೆ ಕಾಯಿ ಬಿಟ್ಟಾಗ ಈ ಪ್ರಕಟಣೆ ಹೊರಬಿತ್ತು: "ನಿಂತ ರೈಲಿನಲ್ಲಿ ಕುಳಿತು ಮೆಣಸು ಕೊಯ್ಯುವ ವಿಶಿಷ್ಟ ಅನುಭವ. ಹತ್ತಲು, ಇಳಿಯಲು ಎರಡೂ ತುದಿಗೆ ಏಣಿ. ಕೊಯ್ದ ಮೆಣಸು ಸಂಸ್ಥೆಗೆ ಸೇರತಕ್ಕದ್ದು." ಜನ ಮುಗಿಬಿದ್ದರು. ವಾಹನ ನಿಲುಗಡೆಯಿಂದ ರೈಲಿನವರೆಗೆ ಅವರು ನಡೆದೇ ಬರಬೇಕಾಗಿರುವುದು ಈಗ ಮಂಡಳಿಯ ಗಮನದಲ್ಲಿದೆ.

ಯಮುನ ಮತ್ತೆ ದಾರಿ ಕೇಳಿದರು.

"ಅದು ಈಗ ದಾರಿ ಅಲ್ಲ ಟೀಚರೇ, ಫಸಲು ಕೊಡೋ ತೋಟ" ಎಂದರು ಪ್ರಜ್ಞೇಶ್. "ನಿಮ್ಗೊಂದು ಪಾಸ್ ಮಾಡ್ಸಿದ್ದೇನೆ. ಪಿಕ್ಕಿಂಗ್ ಕೆಲಸದವರು ಅಂತ."

ಈಗ ಯಮುನ ಮೊಟ್ಟೆಯ ಟ್ರೇ ಹಿಡಿದು ಈಚೆಯ ಏಣಿ ಹತ್ತಿ, ರೈಲಿನೊಳಗೇ ನಡೆದು ಹೊಂಡ ದಾಟಿ, ಆಚೆಯ ಏಣಿ ಇಳಿದು ಅಂಗನವಾಡಿ ಸೇರುತ್ತಾರೆ. ಪಾಸಿನ ಷರತ್ತಿನಂತೆ ಹೋಗುತ್ತಾ ಒಂದು ಹಿಡಿ ಮೆಣಸು ಕೊಯ್ದು ಕೊಡುತ್ತಾರೆ. ಈ ರೈಲಿನಿಂದ ಊರು ತಲುಪಿದ ಏಕೈಕ ಪ್ರಯಾಣಿಕರೆಂದು ಸಂಸ್ಥೆ ಅವರಿಗೆ ಶಾಲು ಹೊದಿಸಿತು. ಮೊಟ್ಟೆ ಒಡೆಯುವುದು ಕಡಿಮೆಯಾಗಿದೆ.

ಅಂಗನವಾಡಿಯಲ್ಲಿ ದಾರಿಯ ಚಿತ್ರ ಬರೆಯಿರಿ ಎಂದರೆ ಮಕ್ಕಳು ಏಣಿ ಬರೆಯುತ್ತಾರೆ. ಯಮುನ ಅದಕ್ಕೆ ಸರಿ ಗುರುತು ಹಾಕುತ್ತಾರೆ.