ಖಾಲಿ ತಟ್ಟೆ ಹಿಂದೆ ಹೋಗಬಾರದು

ಡಿಸೆಂಬರ್ ಮೂವತ್ತೊಂದರ ಬೆಳಿಗ್ಗೆ ಭೋಜ ಟೈಲರ್ ಮನೆಯಲ್ಲಿ ಸಕ್ಕರೆ ಇರಲಿಲ್ಲ. ಒಂದೇ ಒಂದು ಚಮಚ ಇದ್ದಿದ್ದರೂ ಆ ದಿನ ಕಾಪುವಿನಲ್ಲಿ ಏನೂ ನಡೆಯುತ್ತಿರಲಿಲ್ಲ, ನನಗೆ ಈ ಕತೆ ಹೇಳುವ ಕೆಲಸವೂ ಬೀಳುತ್ತಿರಲಿಲ್ಲ.

ಸಕ್ಕರೆ ಮುಗಿದು ಹೋದದ್ದಲ್ಲ, ವರ್ಷದ ಹಿಂದೆಯೇ ಗಡೀಪಾರಾದದ್ದು. ಕಾಪುವಿನಲ್ಲಿ ದೀಪಸ್ತಂಭ ನಡಿಗೆ ಬಳಗ ಅಂತ ಒಂದು ಉಂಟು. ಇಪ್ಪತ್ತು ಇಪ್ಪತ್ತೈದು ಜನ ಬೆಳಕು ಹರಿಯುವ ಹೊತ್ತಿಗೆ ಪೇಟೆಯಿಂದ ದೀಪಸ್ತಂಭದವರೆಗೆ ನಡೆಯುತ್ತಾರೆ, ಬರುವಾಗ ಹೋಟೆಲಿಗೆ ನುಗ್ಗಿ ಗೋಳಿಬಜೆ ತಿನ್ನುತ್ತಾರೆ. ಹೋಗುವಾಗ ಕಳಕೊಂಡದ್ದನ್ನು ಬರುವಾಗ ಹುಡುಕಿ ತರುವ ಈ ಕ್ರಮದಿಂದ ಕಳೆದ ಹೊಸ ವರ್ಷಕ್ಕೆ ಭೋಜ ಎಂಬತ್ತಾರು ಕಿಲೋ ತೂಗಿದ್ದ. ಅವನ ಹೆಂಡತಿ ಕುಶಲಾ ಅಂದೇ ಎಲ್ಲರ ಮುಂದೆ ತೀರ್ಪು ಕೊಟ್ಟಳು. ಮುಂದಿನ ಡಿಸೆಂಬರ್ ಮೂವತ್ತೊಂದರ ಸಭೆಯಲ್ಲಿ ಬಳಗದ ತಕ್ಕಡಿ ಎಂಬತ್ತಕ್ಕಿಂತ ಕೆಳಗೆ ತೋರಿಸಿದರೆ ಮರುದಿನವೇ ಮನೆಯಲ್ಲಿ ಗರಿಗರಿ ರೊಟ್ಟಿಗೆ ಕೋಳಿ ಸಾರು ಹೊಯ್ದ ಕೋರಿ ರೊಟ್ಟಿ, ಆಮೇಲೆ ಪ್ರತಿ ಭಾನುವಾರವೂ ಕೋರಿ ರೊಟ್ಟಿ. ತೋರಿಸದಿದ್ದರೆ ಇನ್ನೊಂದು ವರ್ಷ ಪಥ್ಯ. ಆ ಕೋರ್ಟಿನಲ್ಲಿ ಅಪೀಲು ಇಲ್ಲ.

ಹಾಗಾಗಿ ಭೋಜ ಒಂದು ವರ್ಷ ಬೆಳಿಗ್ಗೆ ರಾಗಿ ಅಂಬಲಿ ಕುಡಿದ, ಮಧ್ಯಾಹ್ನ ಬೇಯಿಸಿದ ಹುರುಳಿ ತಿಂದ, ರಾತ್ರಿ ಎಣ್ಣೆ ಕಾಣದ ಹಾಗಲಕಾಯಿಯನ್ನು ಕಣ್ಣು ಮುಚ್ಚಿ ನುಂಗಿದ. ತನ್ನ ಪ್ಯಾಂಟನ್ನು ಮೂರು ಸಲ ತಾನೇ ಬಿಚ್ಚಿ ಹೊಲಿದ. ಈಗ ಹಿಂದಿನ ಎರಡು ಜೇಬುಗಳು ಒಂದಕ್ಕೊಂದು ಗುಟ್ಟು ಹೇಳುವಷ್ಟು ಹತ್ತಿರ ಬಂದಿದ್ದವು. ಈ ದಿನ ಬೆಳಿಗ್ಗೆ ಮನೆಯ ತಕ್ಕಡಿ ಎಪ್ಪತ್ತೊಂಬತ್ತು ಕಿಲೋ ಎಂಟುನೂರು ಗ್ರಾಂ ತೋರಿಸಿತು. ಎಂಬತ್ತಕ್ಕೆ ಇನ್ನೂರೇ ಗ್ರಾಂ. ಮೂರು ಬನ್ಸ್ ತಿಂದರೆ ಮುಗಿಯಿತು.

ಕುಶಲಾ ದೊಡ್ಡದೊಂದು ಬ್ಯಾಗ್ ಹಿಡಿದು ಹೊರಟಳು.

"ಕಾರ್ಕಳಕ್ಕೆ ಹೋಗಿ ಅಕ್ಕನನ್ನು ನೋಡಿ ಬರ್ತೇನೆ. ಸಂಜೆ ಸೀದಾ ಸಭೆಗೇ ಬರುದು. ಅಂಬಲಿ ಮುಚ್ಚಿಟ್ಟಿದ್ದೇನೆ. ಬೇರೆ ಎಂತದಕ್ಕೂ ಬಾಯಿ ಹಾಕ್ಲಿಕ್ಕಿಲ್ಲ."

"ಸಂಜೆ ಬರ್ಲಿಕ್ಕೆ ಇಷ್ಟು ದೊಡ್ಡ ಬ್ಯಾಗ್ ಎಂತಕ್ಕೆ?"

"ಅದು ನಿಮಗೆ ಬೇಡ. ನೀವು ವರ್ಷದ ಒಳ್ಳೆದರ ಪಟ್ಟಿ ಬರೆದಿಡಿ. ಇಲ್ಲದಿದ್ರೆ ಸಭೆಯಲ್ಲಿ ಎದ್ದು ನಿಂತು ತಲೆ ಕೆರೀತೀರಿ."

ಅದು ಬಳಗದ ಅಧ್ಯಕ್ಷ ಸ್ಟ್ಯಾನಿಸ್ಲಾಸ್ ಅವರ ಕಾನೂನು. ಮಸ್ಕತ್ತಿನಲ್ಲಿ ಮೂವತ್ತು ವರ್ಷ ದುಡಿದು ಬಂದ ಮೇಲೆ ಅವರಿಗೆ ಊರವರನ್ನು ಸುಧಾರಿಸುವುದೇ ಉದ್ಯೋಗ. ತಕ್ಕಡಿ ಹತ್ತುವ ಮೊದಲು ಪ್ರತಿಯೊಬ್ಬರೂ ಆ ವರ್ಷ ತಮಗಾದ ಒಳ್ಳೆಯದನ್ನು ಹೇಳಬೇಕು. ಮನಸ್ಸು ಹಗುರವಾದರೆ ದೇಹವೂ ಹಗುರವಾಗುತ್ತದಂತೆ.

ಮನೆಯ ಮುಂದಿನ ಕೋಣೆಯೇ ಭೋಜನ ಅಂಗಡಿ. ಅಲ್ಲಿ ಕುಳಿತು ಅಳತೆ ಪುಸ್ತಕದಲ್ಲಿ ಒಂದು ಹಾಳೆ ಹುಡುಕಿ ಬರೆಯತೊಡಗಿದ. ಫೆಬ್ರವರಿಯಲ್ಲಿ ಹೊಲಿಗೆ ಮೆಷಿನ್ನಿನ ಮೋಟಾರು ಸುಟ್ಟಿತ್ತು. ಮೇ ತಿಂಗಳಲ್ಲಿ ಸ್ಕೂಟರಿನಿಂದ ಬಿದ್ದಿದ್ದ, ಅದೂ ನಿಂತಿದ್ದ ಸ್ಕೂಟರಿನಿಂದ. ಜೂನಿನಲ್ಲಿ ತೊಂಬತ್ತು ಶಾಲೆ ಅಂಗಿಗಳಿಗೆ ಬಲಗಡೆ ಜೇಬು ಹಚ್ಚಿದ್ದ. ಬಹಳ ಹೊತ್ತು ಯೋಚಿಸಿ "೧. ತೂಕ" ಅಂತ ಬರೆದು, "೨" ಅಂತ ಹಾಕಿ, ಪೆನ್ಸಿಲ್ ಕಚ್ಚುತ್ತ ಕುಳಿತ.

ಆಗ ಪಕ್ಕದ ಮನೆಯ ರೇಚಲ್ ಬಾಯಿ ತಟ್ಟೆ ಹಿಡಿದು ಬಂದರು. ತಟ್ಟೆಯ ಮೇಲೆ ಕ್ರೋಶಾದ ಬಟ್ಟೆ, ಬಟ್ಟೆಯ ಅಡಿಯಲ್ಲಿ ಕ್ರಿಸ್‌ಮಸ್ಸಿನ ಕುಸ್ವಾರ್: ಕರ್ಜಿಕಾಯಿಯಂಥ ತುಪ್ಪದ ನೆವ್ರಿ, ಸಕ್ಕರೆ ಪಾಕದ ಕಿಡಿಯೊ, ಗುಲಿಯೊ, ಚಕ್ಕುಲಿ.

"ತಡ ಆಯ್ತು ಭೋಜಣ್ಣ. ಮುಂಬಯಿಯಿಂದ ಏಳು ಜನ ಬಂದು ಕೂತಿದ್ದಾರೆ, ಹಂಚ್ಲಿಕ್ಕೆ ಪುರುಸೊತ್ತೇ ಇಲ್ಲ. ತಟ್ಟೆ ಈಗಲೇ ಕೊಡಿ, ಇನ್ನೂ ಒಂಬತ್ತು ಮನೆ ಉಂಟು."

ನಮ್ಮ ಕಡೆ ತಟ್ಟೆಯ ಶಿಷ್ಟಾಚಾರ ಎಲ್ಲರಿಗೂ ಗೊತ್ತು. ಮನೆಗೆ ಬಂದ ತಟ್ಟೆಯನ್ನು ಬೇಡ ಅನ್ನಬಾರದು, ಬಂದ ತಟ್ಟೆ ಖಾಲಿ ಹಿಂದೆ ಹೋಗಬಾರದು. ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡಬೇಕು. ಭೋಜ ಒಳಗೆ ಹೋಗಿ ಡಬ್ಬಗಳನ್ನೆಲ್ಲ ತೆರೆದ. ಸಕ್ಕರೆ ಇಲ್ಲ, ಬೆಲ್ಲ ಇಲ್ಲ, ತೆಂಗಿನಕಾಯಿ ಇಲ್ಲ, ಒಂದು ಬಾಳೆಹಣ್ಣೂ ಇಲ್ಲ. ಕೊನೆಗೆ ತರಕಾರಿ ಬುಟ್ಟಿಯಲ್ಲಿದ್ದ ಎರಡು ಹಾಗಲಕಾಯಿಗಳನ್ನು ತೊಳೆದು, ಒರೆಸಿ, ತಟ್ಟೆಯಲ್ಲಿ ಚಂದ ಜೋಡಿಸಿ ತಂದುಕೊಟ್ಟ.

ರೇಚಲ್ ಬಾಯಿ ತಟ್ಟೆ ನೋಡಿದರು, ಭೋಜನನ್ನು ನೋಡಿದರು. ಹಬ್ಬದ ತಿಂಡಿಗೆ ಹಾಗಲಕಾಯಿ ಕೊಡಬೇಕಾದರೆ ಮನೆಯಲ್ಲಿ ಏನೋ ದೊಡ್ಡದೇ ನಡೆದಿರಬೇಕು.

"ಕುಶಲಕ್ಕ ಇಲ್ವಾ? ದೊಡ್ಡ ಬ್ಯಾಗ್ ಹಿಡ್ಕೊಂಡು ಬಸ್ಸು ಹತ್ತಿದ್ದು ನೋಡಿದೆ."

"ಹೌದು, ಅಕ್ಕನ ಮನೆಗೆ," ಎಂದ ಭೋಜ. ನೆವ್ರಿಯ ಪರಿಮಳ ಆಗಲೇ ಮೂಗಿನಿಂದ ಗಂಟಲಿಗೆ ಇಳಿದಿತ್ತು. ಬಾಯಲ್ಲಿ ಬಂದ ನೀರು ನುಂಗಿದ. ಹನ್ನೆರಡು ತಿಂಗಳ ತುಪ್ಪದ ವಿರಹ ಕಣ್ಣಲ್ಲಿ ಎರಡು ಹನಿಯಾಗಿ ನಿಂತಿತು.

ರೇಚಲ್ ಬಾಯಿ ಅದನ್ನು ನೋಡಿದರು. "ದೇವರಿದ್ದಾರೆ ಭೋಜಣ್ಣ," ಎಂದು ಹೊರಟುಹೋದರು.

ಕುಸ್ವಾರ್ ಮನೆಯಲ್ಲಿದ್ದರೆ ತನ್ನ ಮೇಲೆ ತನಗೇ ನಂಬಿಕೆಯಿಲ್ಲ ಎಂದು ಭೋಜನಿಗೆ ಗೊತ್ತಿತ್ತು. ಎಲ್ಲವನ್ನೂ ಒಂದು ಪಾತ್ರೆಗೆ ತುಂಬಿ ಎದುರು ಮನೆಯ ಆಸಿಯಮ್ಮನಿಗೆ ಕೊಟ್ಟುಬಿಟ್ಟ. ಆಸಿಯಮ್ಮ ಪಾತ್ರೆ ಖಾಲಿ ಮಾಡಿದವರು ಖಾಲಿ ಕೊಡುತ್ತಾರೆಯೇ? ಕೋಳಿ ಸಾರಿನಲ್ಲಿ ಮುಳುಗಿದ ಪುಟ್ಟ ಪುಟ್ಟ ಅಕ್ಕಿ ಉಂಡೆ, ಅವರು ಪಿಂಡಿ ಅನ್ನುತ್ತಾರೆ, ಅದನ್ನು ಕಂಠಮಟ್ಟ ತುಂಬಿ ತಂದರು.

"ಬಿಸಿ ಉಂಟು. ಇಲ್ಲೇ ಎರಡು ತಿಂದು ಹೋಗಿ."

"ಬೇಡ ಆಸಿಯಮ್ಮ. ಸೇರುದಿಲ್ಲ."

ಆಸಿಯಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಇಪ್ಪತ್ತು ವರ್ಷದಲ್ಲಿ ಭೋಜಣ್ಣ ಕೋಳಿ ಬೇಡ ಅಂದದ್ದನ್ನು ಅವರು ಕೇಳಿರಲಿಲ್ಲ. ಅವನು ಪಾತ್ರೆ ಹಿಡಿದು ಗೇಟು ದಾಟುವ ಮೊದಲೇ ಅವರು ರೇಚಲ್ ಬಾಯಿಗೆ ಫೋನು ಮಾಡಿದರು. ದೊಡ್ಡ ಬ್ಯಾಗಿಗೆ ಕಣ್ಣೀರು ಸೇರಿತು, ಕಣ್ಣೀರಿಗೆ ಕೋಳಿ ಬೇಡ ಅಂದದ್ದು ಸೇರಿತು. ಕುಶಲಾ ಗಂಡನನ್ನು ಬಿಟ್ಟು ಹೋಗಿದ್ದಾಳೆ ಎಂದು ಹನ್ನೊಂದು ಗಂಟೆಗೆ ಸರಿಯಾಗಿ ತೀರ್ಮಾನವಾಯಿತು.

ಭೋಜ ಪಿಂಡಿಯ ಪಾತ್ರೆಯನ್ನು ಬಟ್ಟೆ ಇಡುವ ಕಪಾಟಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಕಿಟಕಿಯ ಮೇಲೆ ಎಸೆದು ಕುಳಿತ. ಅಷ್ಟರಲ್ಲಿ ಸಾಂತ್ವನದ ತಂಡ ಬಂತು. ಮುಂದೆ ಸ್ಟ್ಯಾನಿಸ್ಲಾಸ್, ಕೈಯಲ್ಲಿ ಕೆತ್ತಿ ತಂದ ಎಳನೀರಿನ ಬೊಂಡ. ಹಿಂದೆ ರೇಚಲ್ ಬಾಯಿ, ಕೈಯಲ್ಲಿ ಕೇಕಿನ ಪ್ಯಾಕೆಟ್ಟು. ಕೊನೆಗೆ ಆಸಿಯಮ್ಮ ಮತ್ತು ಅವರ ಗಂಡ ಯೂಸುಫಾಕ.

"ಭೋಜ, ಎಲ್ಲ ಮನೆಯಲ್ಲೂ ಇದು ಆಗುದೇ," ಎಂದು ಸ್ಟ್ಯಾನಿಸ್ಲಾಸ್ ಬೆನ್ನು ತಟ್ಟಿದರು. "ಕೆಟ್ಟದ್ದನ್ನು ನೆನೀಬೇಡ. ಈ ವರ್ಷದ ಒಳ್ಳೆದನ್ನು ನೆನಪು ಮಾಡು."

"ಅದನ್ನೇ ಮಾಡ್ತಾ ಇದ್ದೆ ಸರ್. ಒಂದಕ್ಕಿಂತ ಮೇಲೆ ಹೋಗುದಿಲ್ಲ."

"ನೋಡಿ, ಎಷ್ಟು ಕುಗ್ಗಿ ಹೋಗಿದ್ದಾನೆ!" ಎಂದರು ಸ್ಟ್ಯಾನಿಸ್ಲಾಸ್ ಉಳಿದವರ ಕಡೆ ತಿರುಗಿ.

"ಸರ್, ಅವಳು ಸಂಜೆ ಬರ್ತಾಳೆ ಮಾರಾಯ್ರೆ!"

"ಬರ್ತಾಳೆ, ಬರ್ತಾಳೆ," ಎಂದು ಆಸಿಯಮ್ಮ ಕಣ್ಣೊರೆಸಿಕೊಂಡರು. "ಹಾಗೆಯೇ ಹೇಳ್ತಾ ಇರಿ. ಧೈರ್ಯ ಬರ್ತದೆ."

ಅತ್ತ ರೇಚಲ್ ಬಾಯಿ ಕೇಕಿನ ಪ್ಯಾಕೆಟ್ಟು ಕತ್ತರಿಸಲು ಮೇಜಿನ ಮೇಲಿದ್ದ ದೊಡ್ಡ ಕತ್ತರಿಗೆ ಕೈ ಹಾಕಿದರು. ಬಟ್ಟೆಯ ಕತ್ತರಿಯಲ್ಲಿ ಬೇರೆ ಏನನ್ನಾದರೂ ಕತ್ತರಿಸಿದರೆ ಟೈಲರಿಗೆ ತನ್ನ ಮೂಗೇ ಕತ್ತರಿಸಿದ ಹಾಗೆ. ಭೋಜ ಹಾರಿ ಕತ್ತರಿ ಕಿತ್ತುಕೊಂಡು ಪ್ಯಾಂಟಿನ ಜೇಬಿಗೆ ತುರುಕಿದ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಇಷ್ಟು ಕೋಪ ಇದ್ದರೆ ಪಾಪ, ಕುಶಲಾ ಆದರೂ ಎಷ್ಟು ದಿನ ತಾಳಿಕೊಂಡಾಳು!

ಕೇಕನ್ನು ಹೇಗೋ ತಪ್ಪಿಸಿಕೊಂಡ. ಆದರೆ ಬೊಂಡವನ್ನು ಕುಡಿದು ಮುಗಿಸುವವರೆಗೆ ಸ್ಟ್ಯಾನಿಸ್ಲಾಸ್ ಏಳಲಿಲ್ಲ. ಅವರು ಹೋದದ್ದೇ ತಡ ಭೋಜ ತಕ್ಕಡಿ ಹತ್ತಿ ನೋಡಿದ. ಎಂಬತ್ತು ಕಿಲೋ ಐನೂರು. ಮಧ್ಯಾಹ್ನದ ಬಿಸಿಲಲ್ಲೇ ದೀಪಸ್ತಂಭಕ್ಕೆ ಓಡಿದ, ಹಿಂದೆ ಬಂದ, ಮತ್ತೆ ಓಡಿದ. ಮೂರನೆಯ ಸುತ್ತಿಗೆ ಯೂಸುಫಾಕ ಸ್ಕೂಟರಿನಲ್ಲಿ ಜೊತೆಗೇ ಬಂದರು.

"ಹತ್ತಿ ಭೋಜಣ್ಣ, ಕಾರ್ಕಳಕ್ಕೆ ಬಿಡ್ತೇನೆ. ಎದುರೆದುರು ಕೂತು ಮಾತಾಡಿ ಮುಗಿಸಿ."

"ನನಗೆ ಬೆವರ್ಲಿಕ್ಕೆ ಉಂಟು ಯೂಸುಫಾಕ, ಬಿಡಿ ನನ್ನನ್ನು!"

ಸಂಜೆ ಆರಕ್ಕೆ ಸಮುದ್ರದ ಬದಿಯ ಸಣ್ಣ ಹಾಲ್‌ನಲ್ಲಿ ಸಭೆ ಸೇರಿತು. ಎಲ್ಲರ ಮುಖವೂ ಗಂಭೀರ. ಭೋಜ ಬೆವರಿನಲ್ಲಿ ತೊಯ್ದು, ಬಿಸಿಲಲ್ಲಿ ಒಣಗಿದ ಬಂಗುಡೆ ಮೀನಿನ ಹಾಗೆ ಮೂಲೆಯಲ್ಲಿ ಕುಳಿತಿದ್ದ. ಅವನ ಹೆಸರು ಕರೆಯುವ ಹೊತ್ತಿಗೆ ಸರಿಯಾಗಿ ಕುಶಲಾ ಅದೇ ದೊಡ್ಡ ಬ್ಯಾಗ್ ಹಿಡಿದು ಒಳಗೆ ಬಂದಳು.

ರೇಚಲ್ ಬಾಯಿ ಶಿಲುಬೆಯ ಗುರುತು ಮಾಡಿಕೊಂಡರು. ಆಸಿಯಮ್ಮ ಕುಶಲಾಳನ್ನು ಪಕ್ಕಕ್ಕೆಳೆದು ಕಿವಿಯಲ್ಲಿ ಏನೋ ಹೇಳಿದರು. ಹೇಳುತ್ತಿದ್ದ ಹಾಗೆಯೇ ಕುಶಲಾಳ ಮುಖ ಕೆಂಪಾಯಿತು. ತಾನು ಗಂಡನನ್ನು ಬಿಟ್ಟು ಹೋದದ್ದಂತೆ! ಊರಿಡೀ ಸುದ್ದಿಯಂತೆ! ಅವಳು ಭೋಜನನ್ನು ನೋಡಿದ ನೋಟಕ್ಕೆ ಇನ್ನೂ ಇನ್ನೂರು ಗ್ರಾಂ ಇಳಿದಿರಬೇಕು.

ಭೋಜನಿಗೆ ಒಂದು ಕ್ಷಣದಲ್ಲಿ ಎಲ್ಲ ಅರ್ಥವಾಯಿತು. ಇವಳು ಈ ಸಿಟ್ಟಿನಲ್ಲಿ ಮನೆಗೆ ಬಂದರೆ ತಕ್ಕಡಿ ಎಪ್ಪತ್ತು ತೋರಿಸಿದರೂ ಕೋರಿ ರೊಟ್ಟಿ ಸಿಗಲಿಕ್ಕಿಲ್ಲ. ಸಮಾಧಾನ ಆಗಬೇಕು, ಈಗಲೇ ಆಗಬೇಕು, ಎಲ್ಲರ ಮುಂದೆಯೇ ಆಗಬೇಕು. ಮೈಕಿನ ಹತ್ತಿರ ನಿಂತ.

"ಈ ವರ್ಷ ನನಗೆ ಆದ ಒಳ್ಳೆದು ಒಂದೇ," ಎಂದ. "ನನ್ನ ಹೆಂಡತಿಯ ಕೈಯಡುಗೆ. ಅವಳು ಮಾಡಿದ ರಾಗಿ ಅಂಬಲಿ ಕುಡಿದ ಮೇಲೆ ನನಗೆ ಬೆಳಿಗ್ಗೆ ಎಂದರೆ ಎಂತ ಅಂತ ಗೊತ್ತಾಯ್ತು."

ಒಬ್ಬರು ಚಪ್ಪಾಳೆ ತಟ್ಟಿದರು. ಕುಶಲಾಳ ಹುಬ್ಬು ಸ್ವಲ್ಪ ಸಡಿಲವಾಯಿತು. ಅದನ್ನು ಕಂಡು ಭೋಜನಿಗೆ ಉಮೇದು ಬಂತು.

"ಹುರುಳಿ! ಆ ಹುರುಳಿಯ ಮುಂದೆ ಮದುವೆ ಊಟ ಎಂತದು? ಹಾಗಲಕಾಯಿ ಕಹಿ ಅಂತ ಹೇಳುವವರು ನಮ್ಮ ಮನೆಗೆ ಬಂದು ತಿಂದು ನೋಡಿ. ಕೋರಿ ರೊಟ್ಟಿಯನ್ನು ಈಗ ನಾನು ಕನಸಿನಲ್ಲಿ ಕಂಡರೂ ಮಗ್ಗುಲು ತಿರುಗಿ ಮಲಗ್ತೇನೆ. ಇವಳ ಕೈಯಲ್ಲಿ ಕಡೇವರೆಗೂ ಇದೇ ಊಟ ಸಿಗುದಾದರೆ ನನ್ನಷ್ಟು ಪುಣ್ಯವಂತ ಇಲ್ಲ!"

ಇಡೀ ಹಾಲ್ ಚಪ್ಪಾಳೆಯಿಂದ ತುಂಬಿತು. ಸ್ಟ್ಯಾನಿಸ್ಲಾಸ್ ಕನ್ನಡಕ ತೆಗೆದು ಒರೆಸಿದರು. ಭೋಜ ತಕ್ಕಡಿ ಹತ್ತಿದ. ಎಂಬತ್ತು ಕಿಲೋ ನಾನೂರು. ಸಭೆ "ಅಯ್ಯೋ" ಎಂದಿತು. ಭೋಜ ಪರ್ಸು ತೆಗೆದ, ಚಪ್ಪಲಿ ಬಿಟ್ಟ, ಎಂಬತ್ತು ಕಿಲೋ ನೂರು. ಇನ್ನೇನು ಅಳಬೇಕು, ಜೇಬಿನಲ್ಲಿ ಏನೋ ತೊಡೆಗೆ ಚುಚ್ಚಿತು. ಕತ್ತರಿ! ತೆಗೆದು ಮೇಜಿನ ಮೇಲಿಟ್ಟ. ತಕ್ಕಡಿ ಎಪ್ಪತ್ತೊಂಬತ್ತು ಕಿಲೋ ಏಳುನೂರಕ್ಕೆ ಇಳಿದು ನಿಂತಿತು. ಯೂಸುಫಾಕ ಅವನನ್ನು ಎತ್ತಿಕೊಂಡೇ ಇಳಿಸಿದರು.

ಮನೆಗೆ ಬರುವಾಗ ಕುಶಲಾ ದಾರಿಯುದ್ದಕ್ಕೂ ಸೆರಗಿನಿಂದ ಕಣ್ಣೊರೆಸುತ್ತಿದ್ದಳು. ಮನೆಯಲ್ಲಿ ಒಳಕೋಣೆಗೆ ಹೋಗಿ ಬಂದು ಬ್ಯಾಗ್ ತೆರೆದಳು. ಒಳಗಿನಿಂದ ಒಂದು ದೊಡ್ಡ ಡಬ್ಬ ಬಂತು, ಅಕ್ಕ ಸಾಕಿದ ಊರಕೋಳಿಯ ಮಾಂಸ. ಇನ್ನೊಂದು ಡಬ್ಬ, ಅರೆದ ಮಸಾಲೆ. ಕೊನೆಗೆ ಗರಿಗರಿ ರೊಟ್ಟಿಯ ಕಟ್ಟು. ಭೋಜನಿಗೆ ಕುಣಿಯಬೇಕು ಅನಿಸಿತು.

"ನಾಳೆಗಾ?"

"ನಾಳೆಗೆ ಅಂತಲೇ ತಂದದ್ದು. ನೀವು ಗೆಲ್ತೀರಿ ಅಂತ ನನಗೆ ಗೊತ್ತಿತ್ತು," ಎಂದಳು ಕುಶಲಾ. "ಆದರೆ ಸಭೆಯಲ್ಲಿ ನೀವು ಹೇಳಿದ್ದು ಕೇಳಿ ನನಗೇ ನಾಚಿಕೆ ಆಯ್ತು. ಇಪ್ಪತ್ತಾರು ವರ್ಷದಲ್ಲಿ ನನ್ನ ಅಡುಗೆಯನ್ನು ನೀವು ಹೊಗಳಿದ್ದು ಇವತ್ತೇ."

"ಅದು... ಮೈಕಿನಲ್ಲಿ ಮಾತಾಡುವಾಗ ಸ್ವಲ್ಪ ಹೆಚ್ಚು ಕಡಿಮೆ..."

"ನಾನೂ ಮೊದಲು ನಂಬಲಿಲ್ಲ, ಸುಮ್ಮನೆ ಹೇಳ್ತಾರೆ ಅಂತ ತಿಳಿದಿದ್ದೆ. ಈಗ ಒಳಗೆ ಹೋದಾಗ ಕಪಾಟಿನಿಂದ ಪರಿಮಳ ಬಂತು, ನನ್ನ ಕೀಲಿಯಲ್ಲಿ ಬೀಗ ತೆಗೆದು ನೋಡಿದೆ. ಆಸಿಯಮ್ಮನ ಪಿಂಡಿ, ಒಂದೇ ಒಂದು ಉಂಡೆ ಮುಟ್ಟಿಲ್ಲ! ನಾನಿಲ್ಲದ ಮನೆಯಲ್ಲಿ! ಇಂಥ ಗಂಡನಿಗೆ ನಾನು ಇನ್ನು ಕೋಳಿ ತಿನ್ನಿಸಿ ಹಾಳು ಮಾಡ್ಲಿಕ್ಕುಂಟಾ? ನೀವು ಕೇಳಿದ ಹಾಗೆಯೇ ಆಗಲಿ. ಕಡೇವರೆಗೂ ನಾನು ಅದನ್ನೇ ಮಾಡಿ ಹಾಕ್ತೇನೆ."

ಭೋಜ ರೊಟ್ಟಿಯ ಕಟ್ಟಿಗೆ ಕೈ ಚಾಚಿದ. ಕುಶಲಾ ಅದನ್ನೂ ಉಳಿದದ್ದನ್ನೂ ಎತ್ತಿ ಪಾತ್ರೆಗೆ ತುಂಬಿದಳು.

"ರೇಚಲ್ ಬಾಯಿಯ ಮನೆಯಲ್ಲಿ ಏಳು ಜನ ನೆಂಟರಂತೆ. ಕೋಳಿ, ಮಸಾಲೆ, ರೊಟ್ಟಿ, ಪಿಂಡಿ ಎಲ್ಲ ಈ ದೊಡ್ಡ ಪಾತ್ರೆಯಲ್ಲಿ ಇಟ್ಟಿದ್ದೇನೆ. ಕೊಟ್ಟು ಬನ್ನಿ."

ಅವನೇ ಹೊತ್ತುಕೊಂಡು ಹೋದ. ಅಂಗಳ ದಾಟುವ ಹತ್ತು ಹೆಜ್ಜೆ ಆ ದಿನ ದೀಪಸ್ತಂಭಕ್ಕಿಂತ ದೂರವಿತ್ತು. ರೇಚಲ್ ಬಾಯಿ ಪಾತ್ರೆ ನೋಡಿ ಎರಡೂ ಕೈ ಜೋಡಿಸಿದರು. ಒಳಗಿನಿಂದ ಮುಂಬಯಿಯವರ ಕೇಕೆ ಕೇಳಿಸಿತು.

"ಒಂದು ನಿಮಿಷ ನಿಲ್ಲಿ ಭೋಜಣ್ಣ. ಪಾತ್ರೆ ಖಾಲಿ ಹೇಗೆ ಕೊಡುದು?"

ಒಳಗೆ ಹೋದರು, ಡಬ್ಬಗಳ ಸದ್ದಾಯಿತು, ಬಹಳ ಹೊತ್ತು ಹುಡುಕಿದರು. ಕುಸ್ವಾರ್ ಒಂದಾದರೂ ಉಳಿದಿರಲಿ ಎಂದು ಭೋಜ ತನಗೆ ಗೊತ್ತಿದ್ದ ದೇವರಿಗೆಲ್ಲ ಹರಕೆ ಹೇಳಿಕೊಂಡ. ಒಂದು ನೆವ್ರಿ ಸಾಕು. ಅರ್ಧವಾದರೂ ಸಾಕು. ಗೇಟಿನ ಹತ್ತಿರ ಕತ್ತಲಲ್ಲಿ ನಿಂತು ತಿಂದುಬಿಡುತ್ತೇನೆ.

ರೇಚಲ್ ಬಾಯಿ ಮುಚ್ಚಳ ಮುಚ್ಚಿದ ಪಾತ್ರೆ ತಂದುಕೊಟ್ಟರು. "ನೆಂಟರು ಎಲ್ಲ ಮುಗಿಸಿದ್ದಾರೆ. ಇದ್ದದ್ದು ಇದೇ. ಬೇಜಾರು ಮಾಡ್ಬೇಡಿ."

ಭೋಜ ಗೇಟಿನ ಮರೆಗೆ ಬಂದು ಮುಚ್ಚಳ ತೆಗೆದ. ಬೆಳಿಗ್ಗೆ ಅವನೇ ತೊಳೆದು, ಒರೆಸಿ, ಚಂದ ಜೋಡಿಸಿ ಕೊಟ್ಟಿದ್ದ ಎರಡು ಹಾಗಲಕಾಯಿಗಳು ತಳದಲ್ಲಿ ಮಲಗಿದ್ದವು.

"ಎಂತ ಕೊಟ್ಟರು?" ಎಂದು ಕುಶಲಾ ಬಾಗಿಲಿನಿಂದಲೇ ಕೂಗಿದಳು.

"ನಾಳೆಯ ಅಡುಗೆಗೆ ಬೇಕಾದದ್ದೇ," ಎಂದ ಭೋಜ.