ಪ್ಯಾರಿಸ್‌ನಿಂದ ಪಂಚಾಯಿತಿಯವರೆಗೆ

ನಮ್ಮ ಸೋದರಮಾವನ ಮನೆಗೆ ಹೋದರೆ ಕಾಫಿಗಿಂತ ಮೊದಲು ಕ್ರಾಂತಿ ಸಿಗುತ್ತದೆ! ಮದ್ದೂರಿನ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿ ನಿವೃತ್ತರಾದವರು. ಮೇಷ್ಟ್ರು ನಿವೃತ್ತರಾದರು, ಪಾಠ ಮಾತ್ರ ಆಗಲಿಲ್ಲ. ಈಗ ಭಾರತೀನಗರದ ಪಕ್ಕದ ಹಳ್ಳಿಯಲ್ಲಿ ಅವರ ಕೈಗೆ ಸಿಕ್ಕವರೆಲ್ಲ ವಿದ್ಯಾರ್ಥಿಗಳೇ.

ಒಮ್ಮೆ ಟೀವಿಯಲ್ಲಿ ಪಕ್ಕದ ದೇಶದ ಹುಡುಗರು ಅಧ್ಯಕ್ಷರ ಅರಮನೆಗೆ ನುಗ್ಗಿ ಈಜುಕೊಳಕ್ಕೆ ಧುಮುಕುತ್ತಿದ್ದರು. ಮಾವ ಕುರ್ಚಿಯಿಂದಲೇ ಎದ್ದು ನಿಂತರು.

"ನೋಡ್ಲಾ! ಪ್ಯಾರಿಸ್ಸಿನ ಜನ್ವೂ ಇಂಗೇ ನುಗ್ಗಿದ್ರು. ಆವಾಗ ಸೆರೆಮನೆ ಕೋಟೆ, ಈಗ ಈಜುಕೊಳ. ಅಷ್ಟೇ ವ್ಯತ್ಯಾಸ."

"ಆವಾಗ ಮೊಬೈಲ್ ಎಲ್ಲಿತ್ತು ಮಾವ?"

"ಕರಪತ್ರ ಇತ್ತು ಕಣ್ಲಾ! ಕದ್ದು ಓದಿ ಇನ್ನೊಬ್ರಿಗೆ ಕೊಡೋರು. ಅದೇ ಆ ಕಾಲದ ಫಾರ್ವರ್ಡು."

ಒಳಗಿದ್ದ ಅತ್ತೆ, "ಕ್ರಾಂತಿ ಮುಗುದ್ರೆ ಹಾಲು ತಕಬನ್ನಿ" ಎಂದರು. ಕ್ರಾಂತಿ ಚೀಲ ಹಿಡಿದು ಹೊರಟಿತು.

ಇನ್ನೊಮ್ಮೆ ನಾವಿಬ್ಬರೂ ಮಂಡ್ಯಕ್ಕೆ ಹೊರಟಿದ್ದಾಗ ನಾಲೆ ನೀರಿಗಾಗಿ ರಸ್ತೆ ತಡೆ. ನಮ್ಮ ಕಡೆಯ ರಸ್ತೆ ತಡೆ ಎಂದರೆ ಗೊತ್ತಲ್ಲ? ಹೆದ್ದಾರಿಯ ನಡುವೆಯೇ ಒಲೆ, ಒಲೆಯ ಮೇಲೆ ಕೊಪ್ಪರಿಗೆ! ಮಾವ ಬಸ್ಸಿಳಿದವರೇ ಮುದ್ದೆ ತೊಳಸುತ್ತಿದ್ದ ರೈತರೊಬ್ಬರಿಗೆ, ಜನರಿಗೆ ರೊಟ್ಟಿ ಸಿಗದೆ ಫ್ರಾನ್ಸಿನ ದೊರೆಯ ತಲೆ ಹೋದ ಕಥೆ ಶುರುಮಾಡಿದರು.

"ಮೊದ್ಲು ಉಣ್ಣಿ ಮೇಷ್ಟ್ರೇ, ತಲೆ ವಿಚಾರ ಆಮ್ಯಾಕೆ ನೋಡಾಣ" ಎಂದು ಅವರು ಕೈಗೆ ತಟ್ಟೆ ಕೊಟ್ಟರು. ಉಂಡು ಕೈ ತೊಳೆಯುತ್ತಾ ಮಾವ, "ಊಟ ಇಲ್ದೆ ಶುರುವಾದ ಕ್ರಾಂತಿ ಓದಿವ್ನಿ. ಬಡಿಸ್ಕಂಡು ಮಾಡೋ ಕ್ರಾಂತಿ ಯಾವ ಪುಸ್ತಕದಲ್ಲೂ ಇಲ್ಲ ಕಣ್ಲಾ" ಎಂದು ಗಂಭೀರವಾಗಿ ಹೇಳಿದರು.

ಹೀಗಿರುವಾಗ, ಈ ಬೇಸಿಗೆಯಲ್ಲಿ ಅವರ ಬೀದಿಯ ನಲ್ಲಿ ನಿಂತುಹೋಯಿತು. ಹೆಂಗಸರೆಲ್ಲ ಖಾಲಿ ಬಿಂದಿಗೆ ಹಿಡಿದು ಪಂಚಾಯಿತಿಗೆ ಹೊರಟರು. ಮುಂದಾಳು ಯಾರು? ನಮ್ಮ ಅತ್ತೆ! ಹೋದ ವರ್ಷವಷ್ಟೇ ಎದೆನೋವಿಗೆ ಆಸ್ಪತ್ರೆ ಸೇರಿದ್ದವರು. ಬಿಸಿಲಿಗೆ ಹೋಗಲೇಬಾರದು ಎಂದು ಡಾಕ್ಟರು ಹೇಳಿದ್ದರು. ಜಗತ್ತಿನ ಕ್ರಾಂತಿಗಳನ್ನೆಲ್ಲ ಬೆಂಬಲಿಸಿದ್ದ ಮಾವ ಈ ಒಂದಕ್ಕೆ ಮಾತ್ರ ಬಾಗಿಲಿಗೆ ಅಡ್ಡ ನಿಂತರು.

"ಪ್ಯಾರಿಸ್ಸಿನ ಹೆಂಗುಸ್ರೂ ಇಂಗೇ ರೊಟ್ಟಿ ಬೇಕು ಅಂತ ಅರಮನೆಗೆ ಹೊಂಟ್ರು. ಕೊನೆಗೆ ಏನಾಯ್ತು ಗೊತ್ತಾ? ತಲೆಗಳು ಉರುಳಿದ್ವು!"

"ಇಲ್ಲಿ ಉರುಳಿದ್ರೆ ಬಿಂದಿಗೆ ಉರುಳ್ತದೆ, ದಾರಿ ಬುಡಿ" ಎಂದು ಅತ್ತೆ ನಡೆದೇಬಿಟ್ಟರು.

ಮಧ್ಯಾಹ್ನ ವಿಷಯ ತಿಳಿದು ನಾನು ಪಂಚಾಯಿತಿಯ ಹತ್ತಿರ ಓಡಿದೆ. ಮರವಿಲ್ಲ, ಚಪ್ಪರವಿಲ್ಲ. ಬಾಗಿಲೆದುರು ಹೆಂಗಸರ ಸಾಲು, ಮುಂದೆ ಅತ್ತೆ, ಅವರ ಹಿಂದೆ ಮಾವ! ಜೇಬಿನಲ್ಲಿ ಅತ್ತೆಯ ಮಾತ್ರೆ, ಒಂದು ಕೈಯಲ್ಲಿ ನೀರಿನ ಬಾಟಲಿ, ಇನ್ನೊಂದರಲ್ಲಿ ಕೊಡೆ. ಕೊಡೆ ಪೂರ್ತಿ ಅತ್ತೆಯ ಮೇಲಿತ್ತು. ಮಾವನ ಬೋಳು ತಲೆ ಕೆಂಪಗೆ ಕಾದಿತ್ತು.

ನನಗೆ ನಗು ತಡೆಯಲಾಗಲಿಲ್ಲ. "ಇದು ಯಾವ ದೇಶದ ಕ್ರಾಂತಿ ಮಾವ?" ಎಂದೆ.

ಮಾವ ಅತ್ತೆಯ ಕೈಗೆ ನೀರಿನ ಬಾಟಲಿ ಕೊಟ್ಟು, "ಆ ಪ್ಯಾರಿಸ್ಸಿನ ಹೆಂಗುಸ್ರ ಹಿಂದೆ ಅವತ್ತು ಯಾರು ನಿಂತಿದ್ರೋ ಏನೋ. ಇಷ್ಟು ವರ್ಷ ಪಾಠ ಮಾಡ್ದೆ, ಒಂದ್ಸಲವೂ ಇದ್ನ ಕೇಳ್ಕಳ್ಳಿಲ್ಲ ಕಣ್ಲಾ" ಎಂದರು.

ನನ್ನ ನಗು ಅಲ್ಲೇ ನಿಂತುಹೋಯಿತು. ಕೊಡೆ ನಾನು ಹಿಡಿದುಕೊಳ್ಳುತ್ತೇನೆ ಎಂದು ಕೈ ಚಾಚಿದರೆ ಮಾವ ಕೊಡಲಿಲ್ಲ.